ಸೊಪ್ಪು ಬಿಡಿಸುವ ಒಲವಿನ ವಿಷಯವಾಗಿ ಭಾವಿ ವೃತ್ತಿ ನಿರ್ಣಯಾಧಿಕಾರಿಗಳಿಗೆ

ಕಟ್ಟೆಮಳಲವಾಡಿ, ಹುಣಸೂರು ತಾಲ್ಲೂಕು
೧೯೪೧ನೇ ಇಸವಿ ಜೂನ್ ತಿಂಗಳ ಆರನೇ ತಾರೀಖು

ಮಾನ್ಯರಲ್ಲಿ ಮಾನ್ಯರೇ,

ಹೈಸ್ಕೂಲು ಮಕ್ಕಳ ಮುಂದಿನ ಐವತ್ತು ವರ್ಷವನ್ನು ಒಂದು ಹಗಲಿನ ಮೊದಲರ್ಧದಲ್ಲಿ ಕಂಡು ಹೇಳಬಲ್ಲ ಭಾವಿ ವೃತ್ತಿ ನಿರ್ಣಯಾಧಿಕಾರಿಗಳಾದ ತಮ್ಮ ಸನ್ನಿಧಾನಕ್ಕೆ, ತನ್ನ ನಾಳೆಯ ನಾಟಿಗೆ ಆಳು ಬರುತ್ತಾರೋ ಇಲ್ಲವೋ ಎಂಬುದನ್ನೇ ಇವತ್ತು ಹೇಳಲಾರದ ಪುಟ್ಟಮಲ್ಲಪ್ಪನು ಮಾಡುವ ಅನಂತ ನಮಸ್ಕಾರಗಳು. ನಾನು, ನನ್ನ ತಾಯಿ ಮತ್ತು ನನ್ನ ಜೋಡಿ ಎತ್ತು ಕ್ಷೇಮವಾಗಿದ್ದೇವೆ. ತಾವೂ, ತಮ್ಮ ಗಡಿಯಾರವೂ, ತಮ್ಮ ಫಾರಂ ಪುಸ್ತಕಗಳೂ ಕ್ಷೇಮವೆಂದು ನಂಬಿದ್ದೇನೆ. ಈ ಕಾಗದವನ್ನು ನೇರವಾಗಿ ತಮ್ಮ ಕಚೇರಿಗೇ ಕಳಿಸುವುದು ಮರ್ಯಾದೆ ಎಂದು ನನಗೂ ಗೊತ್ತು. ಆದರೆ ಯುಗಾದಿಯಿಂದೀಚೆಗೆ ಕಳಿಸಿದ ಮೂರು ಅರ್ಜಿಗಳಿಗೂ ‘ತಲುಪಿದೆ’ ಎಂಬ ಒಂದೇ ಉತ್ತರ ಬಂದದ್ದರಿಂದ, ಮತ್ತು ತಲುಪುವುದೇ ಅರ್ಜಿಯೊಂದರ ಜೀವಮಾನದ ಗುರಿ ಎಂದು ತಮ್ಮ ಕಚೇರಿಯವರು ತಿಳಿದಿರುವಂತೆ ಕಂಡದ್ದರಿಂದ, ನಾಲ್ಕನೆಯದನ್ನು ಪತ್ರಿಕೆಯವರ ಮೂಲಕ ಕಳಿಸುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಬೇಕು.

ತಮಗೆ ನನ್ನ ನೆನಪಿರಲಿಕ್ಕಿಲ್ಲ. ಸಂಕ್ರಾಂತಿ ಕಳೆದ ಎರಡನೆಯ ಸೋಮವಾರ ತಾವು ಹುಣಸೂರಿನ ನಮ್ಮ ಶಾಲೆಗೆ ದಯಮಾಡಿಸಿದಾಗ ತಮ್ಮ ಕೊರಳಿಗೆ ಸೇವಂತಿಗೆ ಹಾರ ಹಾಕಿ ಕೈಗೊಂದು ನಿಂಬೆಹಣ್ಣು ಕೊಟ್ಟ ಶಾಲಾ ಕಮಿಟಿಯ ಮೆಂಬರು ನಾನೇ. ಲೋವರ್ ಸೆಕೆಂಡರಿ ಪಾಸು ಮಾಡಿ, ಮುಂದೆ ಓದಲಾಗದೆ ಭತ್ತದ ಗದ್ದೆಗೆ ಇಳಿದವನು. ನಾಲೆ ನೀರಿನ ಜಗಳ, ಬದುವಿನ ಜಗಳ, ದೊಡ್ಡಿಗೆ ಹೊಡೆದ ಎಮ್ಮೆಯ ಜಗಳ, ಹೀಗೆ ನಮ್ಮೂರಿನವರ ಅರ್ಜಿಗಳನ್ನೆಲ್ಲ ಇಪ್ಪತ್ತು ವರ್ಷದಿಂದ ಬರೆದೂ ಬರೆದೂ, ಸರ್ಕಾರದವರ ಕಾಲು ಹಿಡಿಯುವುದನ್ನೂ ಕಿವಿ ಹಿಂಡುವುದನ್ನೂ ಒಂದೇ ವಾಕ್ಯದಲ್ಲಿ ಮಾಡುವ ಕೆಟ್ಟ ಅಭ್ಯಾಸ ಹತ್ತಿಬಿಟ್ಟಿದೆ. ಈ ಕಾಗದದಲ್ಲಿ ಕಾಲಿನ ಭಾಗ ಯಾವುದು, ಕಿವಿಯ ಭಾಗ ಯಾವುದು ಎಂದು ತಾವೇ ದೊಡ್ಡ ಮನಸ್ಸಿನಿಂದ ವಿಂಗಡಿಸಿಕೊಳ್ಳಬೇಕು.

ಮೊದಲು ತಮ್ಮ ಉಪಕಾರವನ್ನು ನೆನೆಯುತ್ತೇನೆ. ತಾವು ಬರುವ ಮುಂಚೆ ನಮ್ಮ ಕಡೆ ಒಂದು ಮಗು ಮುಂದೇನಾಗಬೇಕು ಎಂಬುದನ್ನು ಆ ಮಗು, ಅದರ ಅಪ್ಪ, ಅಜ್ಜಿ, ಸೋದರಮಾವ, ಶಾಲೆಯ ಮೇಷ್ಟ್ರು ಮತ್ತು ಆ ವರ್ಷದ ಮಳೆ, ಇಷ್ಟು ಜನ ಸೇರಿ ನಾಲ್ಕೈದು ವರ್ಷ ಗುದ್ದಾಡಿ ತೀರ್ಮಾನಿಸುತ್ತಿದ್ದರು. ಎಷ್ಟು ಕಾಲಹರಣ, ಎಷ್ಟು ಮನಸ್ತಾಪ. ತಾವಾದರೋ ಆರನೇ ಫಾರಮಿನ ನಲವತ್ತಮೂರು ಮಕ್ಕಳನ್ನು ತಲೆಗೆ ಎರಡೂವರೆ ನಿಮಿಷದಂತೆ ಡ್ರಾಯಿಂಗ್ ಕೊಠಡಿಗೆ ಕರೆಸಿ, ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು, ಊಟಕ್ಕೆ ಎಲೆ ಹಾಕುವುದರೊಳಗೆ ಕೆಲಸ ಮುಗಿಸಿದಿರಿ. ನಮ್ಮೂರ ನಾಪಿತನೂ ಒಂದು ತಲೆಗೆ ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ.

ತಾವು ಹಡಗಿನ ಮೇಲೆ ಸೀಮೆಯಿಂದ ತರಿಸಿದ, ಬೆರಳಿನ ಚುರುಕು ಅಳೆಯುವ ಆ ಹಲಗೆಯನ್ನೂ ನಾನು ಮರೆತಿಲ್ಲ. ಎರಡು ಸಾಲು, ಸಾಲಿಗೆ ಏಳು ತೂತು, ಜೊತೆಗೊಂದು ಡಬ್ಬಿ ತುಂಬ ಸಣ್ಣ ಸಣ್ಣ ಗೂಟ. ತಾವು ಏನೋ ಸೂಚನೆ ಕೊಟ್ಟಿರಿ. ಆದರೆ ಎರಡು ಸಾಲಿನಲ್ಲಿ ಏಳೇಳು ಗುಳಿ ಕಂಡ ಮೇಲೆ ನಮ್ಮ ಕಡೆಯ ಮಕ್ಕಳ ಕೈ ಯಾರ ಸೂಚನೆಯನ್ನು ಕೇಳುತ್ತದೆ ಹೇಳಿ. ಅದನ್ನು ಅಳಗುಳಿಮಣೆ ಎಂದು ತಿಳಿದು, ಒಂದು ಗುಳಿಯದನ್ನು ಎತ್ತಿ ಸುತ್ತ ಹಂಚಿ, ಎದುರು ಆಡುವವರಿಲ್ಲವಲ್ಲ ಎಂದು ಅಧಿಕಾರಿಗಳಾದ ತಮ್ಮ ಪರವಾಗಿಯೂ ಅವರೇ ಆಡಿ, ಹದಿನೆಂಟು ಮಕ್ಕಳು ತಮ್ಮನ್ನು ಸೋಲಿಸಿದರು. ತಾವು ಅವರೆಲ್ಲರ ಹೆಸರಿನ ಮುಂದೆ ‘ಸೂಚನೆ ಪಾಲನೆ: ಸೊನ್ನೆ’ ಎಂದು ಬರೆದುಕೊಂಡಿರಿ. ಸೋತವರು ಅಷ್ಟಾದರೂ ಬರೆದುಕೊಳ್ಳುವುದು ನ್ಯಾಯವೇ ಎಂದು ನಾನು ಸುಮ್ಮನಾದೆ.

ಇನ್ನು ತಮ್ಮ ಮುಖ್ಯ ಪ್ರಶ್ನೆ. ‘ಎಲ್ಲಿಗೆ ಹೋಗಬೇಕೆಂದಿದ್ದೀಯ, ಏನಾಗಬೇಕೆಂದಿದ್ದೀಯ?’ ಇದನ್ನು ಬಂದ ಮಗುವಿಗೆಲ್ಲ, ಬಾಗಿಲು ದಾಟಿ ಒಂದು ಹೆಜ್ಜೆ ಇಡುವುದರೊಳಗೆ, ಮುಖವೆತ್ತದೆ ಕೇಳಿದಿರಿ. ಮಕ್ಕಳು ಉತ್ತರ ಹೇಳಿ ಹೊರಗೆ ಬಂದವರೇ ಒಬ್ಬರಾದ ಮೇಲೊಬ್ಬರು ಜಗಲಿಯ ಮೂಲೆಯ ಗಡಿಗೆಗೆ ಹೋಗಿ, ಒಂದು ಚೊಂಬು ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಆಮೇಲೆ ಎದ್ದು ಹೋದರು. ನಲವತ್ತಮೂರು ಜನವೂ ಹಾಗೆಯೇ ಮಾಡಿದರು. ಎರಡು ಸಲ ಗಡಿಗೆ ತುಂಬಿಸಬೇಕಾಯಿತು. ಕಿಟಕಿಯಿಂದ ಇದನ್ನು ಗಮನಿಸಿದ ತಾವು ತಮ್ಮ ವರದಿಯಲ್ಲಿ ‘ಈ ಪ್ರಾಂತದ ಮಕ್ಕಳಲ್ಲಿ ಬಾಯಾರಿಕೆ ಅಸಾಮಾನ್ಯವಾಗಿದ್ದು, ಆರೋಗ್ಯ ಇಲಾಖೆಯವರು ಪರಿಶೀಲಿಸಬಹುದು’ ಎಂದು ಒಂದು ಪ್ಯಾರಾ ಬರೆದಿದ್ದೀರಿ. ಹೆಡ್ ಮಾಸ್ಟರು ವೀರಭದ್ರಸ್ವಾಮಿಗಳು ಅದನ್ನು ಕಮಿಟಿಯ ಮುಂದೆ ಓದಿದಾಗ ನಗಬಾರದೆಂದು ನಾವೆಲ್ಲ ನೆಲ ನೋಡಿದೆವು.

ಆಮೇಲೆ ಯುಗಾದಿ ಕಳೆಯಿತು, ತಮ್ಮ ಒಲವಿನ ಚೀಟಿಗಳು ಬಂದವು. ಮಗುವಿನ ಒಲವು ಯಾವ ಕಡೆಗಿದೆ, ಮುಂದೆ ಯಾವ ವೃತ್ತಿ ಹಿಡಿಯಬೇಕು, ಕಾಲೇಜು ಬೇಕೋ ಬೇಡವೋ ಎಂದು ತಮ್ಮ ಸಹಿ ಮೊಹರಿನೊಂದಿಗೆ ಹೇಳುವ ಚೀಟಿ. ಈ ವರ್ಷದಿಂದ ಕಾಲೇಜಿಗೆ ಅರ್ಜಿ ಹಾಕುವವರೆಲ್ಲ ಅದನ್ನು ಜೊತೆಗಿಡಬೇಕೆಂಬ ಅಪ್ಪಣೆಯೂ ಅದರ ಹಿಂದೆಯೇ ಬಂತು. ವೀರಭದ್ರಸ್ವಾಮಿಗಳು ಒಂದೊಂದೇ ಓದಿದರು. ಓದುತ್ತ ಓದುತ್ತ ಅವರ ದನಿ ಸಣ್ಣಗಾಗುತ್ತ ಹೋಯಿತು. ‘ಅಪ್ಪ ಹೇಳ್ದಂಗೆ ಸ್ವಾಮಿ’ ಎಂದಿದ್ದ ಹನ್ನೊಂದು ಹುಡುಗರಿಗೆ ‘ಸ್ವಂತ ಬುದ್ಧಿ ಇಲ್ಲ, ಕೈಕೆಳಗಿನ ಕೆಲಸ’. ‘ಸುಮ್ನೆ ಮನೇಲಿರ್ತೀನಿ’ ಎಂದಿದ್ದ ಸಾಹುಕಾರರ ಮಗನಿಗೆ ‘ಮನೆ ಕಾವಲು’. ‘ಇಲ್ಲೇ ಎಲ್ಲಾದ್ರೂ’ ಎಂದಿದ್ದ ಏಳು ಜನಕ್ಕೆ ‘ಅಲೆಮಾರಿ ಪ್ರವೃತ್ತಿ, ಎಚ್ಚರಿಕೆ ಅಗತ್ಯ’. ಒಟ್ಟಿನಲ್ಲಿ ನಲವತ್ತಮೂರರಲ್ಲಿ ಕಾಲೇಜಿಗೆ ಯೋಗ್ಯರು ಯಾರೂ ಇಲ್ಲ. ‘ಈ ತಾಲ್ಲೂಕಿನ ಮಕ್ಕಳಿಗೆ ಆಸೆಯೆಂಬುದೇ ಇಲ್ಲ’ ಎಂಬುದು ತಮ್ಮ ಕೊನೆಯ ವಾಕ್ಯ.

ಮರದ ಡಿಪೋದಲ್ಲಿ ದಿಮ್ಮಿ ಹೊರುವ ಚಿಕ್ಕಮಾದಯ್ಯನ ಮಗ ಚಿಕ್ಕಮಾದು ಎಂಬ ಹುಡುಗನ ಚೀಟಿಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಅವನು ತಮ್ಮೆದುರು ಕೈಕಟ್ಟಿ ನಿಂತು ‘ಏನಿಲ್ಲ ಬುದ್ಧಿ, ಎಮ್ಮೆ ಮೇಯಿಸ್ಕಂಡು ಇರ್ತೀನಿ’ ಎಂದನಂತೆ. ತಾವು ‘ಪಶುಪಾಲನೆ, ವಿಶೇಷವಾಗಿ ಎಮ್ಮೆ’ ಎಂದು ಬರೆದು, ಎಮ್ಮೆಯ ತಳಿಗಳನ್ನು ಕುರಿತ ಒಂದು ಸಣ್ಣ ಪುಸ್ತಕವನ್ನೂ ಅಂಚೆಯಲ್ಲಿ ಕಳಿಸಿದಿರಿ. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಎಮ್ಮೆ ಇಲ್ಲ. ಈ ಹುಡುಗ ಗಣಿತದಲ್ಲಿ ಇಡೀ ಶಾಲೆಗೆ ಮೊದಲನೆಯವನು. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬರೆದು ತಿರುಗುವುದರೊಳಗೆ ಉತ್ತರ ಹೇಳಿ, ಹೇಳಿದ್ದಕ್ಕೆ ಬೈಸಿಕೊಳ್ಳುವವನು. ಪುಸ್ತಕ ಬಂದ ದಿನ ಚಿಕ್ಕಮಾದಯ್ಯ ಅದನ್ನು ತಲೆಯ ಮೇಲಿಟ್ಟುಕೊಂಡು ನನ್ನ ಹತ್ತಿರ ಬಂದು, ‘ಸ್ವಾಮೇರಾ, ಸರ್ಕಾರ್ದೋರು ಎಮ್ಮೆ ಸಾಕು ಅಂದವ್ರೆ. ಎಮ್ಮೆ ಅವ್ರೇ ಕೊಡ್ತಾರಾ, ನಾವೇ ತರ್ಬೇಕಾ’ ಎಂದು ಕೇಳಿದ.

ಈಗ ನಲವತ್ತಮೂರು ಚೀಟಿಗಳಲ್ಲಿ ನನ್ನ ಎದೆಗೆ ನಾಟಿದ ಒಂದಕ್ಕೆ ಬರುತ್ತೇನೆ. ಅದು ಪುಟ್ಟತಾಯಿ ಎಂಬ ಹದಿನಾರು ವರ್ಷದ ಹುಡುಗಿಯದು. ಆ ತರಗತಿಯ ಮೂವರು ಹುಡುಗಿಯರಲ್ಲಿ ಅವಳೊಬ್ಬಳು. ನನ್ನ ಒಬ್ಬಳೇ ಮಗಳು. ತಾವು ಕೇಳಿದಾಗ ಅವಳು ‘ಏನಿಲ್ಲ ಸ್ವಾಮಿ, ಅಜ್ಜಿ ಜೊತೆ ಸೊಪ್ಪು ಬಿಡಿಸ್ಕೊಂಡು ಇರ್ತೀನಿ’ ಎಂದಳು. ತಾವು ಬರೆದದ್ದು: ‘ಗೃಹಕೃತ್ಯ. ಸೊಪ್ಪು ಬಿಡಿಸುವುದರಲ್ಲಿ ವಿಶೇಷ ಒಲವು. ಕಾಲೇಜು ಅನಾವಶ್ಯಕ.’ ಅವಳ ಹಿಂದೆ ಬಂದ ಚಿಕ್ಕಮಾದುವಿನ ಹೆಬ್ಬೆರಳಿಗೆ, ಅಪ್ಪನ ಮರ ಕೆತ್ತುವ ಬಾಚಿ ತಗುಲಿ ಆದ ಗಾಯಕ್ಕೆ, ಒಪ್ಪವಾಗಿ ಒಂದು ಪಟ್ಟಿ ಕಟ್ಟಿತ್ತು. ಯಾರು ಕಟ್ಟಿದ್ದೆಂದು ತಾವು ಕೇಳಿದಿರಿ, ಅವನು ಕಿಟಕಿಯಾಚೆಗೆ ನನ್ನ ಮಗಳನ್ನು ತೋರಿಸಿದ. ಆಗ ತಾವು ಅವಳ ಫಾರಂ ಮತ್ತೆ ತೆಗೆದು ‘ಬಟ್ಟೆ ಕೆಲಸದಲ್ಲಿ ಕೈ ಚೊಕ್ಕಟ, ಹೊಲಿಗೆಯನ್ನೂ ಕಲಿಯಬಹುದು’ ಎಂದು ಸೇರಿಸಿದಿರಿ. ಸತ್ಯ ತಮ್ಮ ಮೇಜಿನ ಮುಂದೆ ಹೆಬ್ಬೆರಳು ಚಾಚಿ ನಿಂತಿತ್ತು. ತಾವು ಬಟ್ಟೆಯನ್ನು ಮಾತ್ರ ನೋಡಿದಿರಿ.

ಮಾನ್ಯರೇ, ತಾವು ಒಳ್ಳೆಯವರು, ತಪ್ಪು ನಮ್ಮದೇ. ನಮ್ಮ ಕಡೆ ಒಂದು ರೂಢಿಯುಂಟು. ಮನೆಯಿಂದ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಕೇಳದೆ ಇರಲಾರದವರು ‘ದೂರ ಹೊಂಟ್ರಾ’ ಎನ್ನುತ್ತಾರೆ, ಹೊರಟವರು ‘ಇಲ್ಲೇ’ ಎನ್ನುತ್ತಾರೆ. ಕಾಶಿಗೆ ಹೊರಟವನೂ ‘ಇಲ್ಲೇ’ ಎಂದೇ ಹೊರಡುತ್ತಾನೆ. ತಿಳಿಯದೆ ಯಾರಾದರೂ ‘ಎಲ್ಲಿಗೆ’ ಎಂದು ಕೇಳಿಯೇಬಿಟ್ಟರೆ, ವಾಪಸು ಬಂದು ಒಂದು ಗುಟುಕು ನೀರು ಕುಡಿದು, ಒಂದು ಗಳಿಗೆ ಕೂತು, ಹೊಸದಾಗಿ ಹೊರಡಬೇಕು. ಇನ್ನು ಮನಸ್ಸಿನೊಳಗಿನ ದೊಡ್ಡ ಆಸೆಯನ್ನಂತೂ ಅದು ಕೈಗೂಡುವ ತನಕ ಯಾರ ಹತ್ತಿರವೂ ಬಾಯಿಬಿಟ್ಟು ಹೇಳುವಂತಿಲ್ಲ. ಕಣ್ಣು ಬೀಳುತ್ತದೆ. ಆದ್ದರಿಂದ ಕೇಳಿದವರಿಗೆ ಏನಾದರೊಂದು ಬಡ ಉತ್ತರ ಕೊಟ್ಟು ಆಸೆಯನ್ನು ಮರೆಮಾಡುತ್ತೇವೆ. ಆಸೆ ದೊಡ್ಡದಾದಷ್ಟೂ ಉತ್ತರ ಬಡವಾಗುತ್ತದೆ. ಈ ಅಳತೆಗೋಲಿನಿಂದ ತಮ್ಮ ವರದಿಯನ್ನು ಇನ್ನೊಮ್ಮೆ ಓದಿ ನೋಡಿ. ಎಮ್ಮೆ ಮೇಯಿಸುತ್ತೇನೆ ಎಂದ ಹುಡುಗ ಎಷ್ಟು ಎತ್ತರಕ್ಕೆ ಕಣ್ಣಿಟ್ಟಿದ್ದಾನೆ ಎಂದು ತಮಗೇ ತಲೆ ತಿರುಗೀತು. ಆ ಮಕ್ಕಳು ಗಡಿಗೆಯ ಹತ್ತಿರ ಹೋದದ್ದು ಬಾಯಾರಿ ಅಲ್ಲ. ತಾವು ಕೆಡಿಸಿದ ಪ್ರಯಾಣವನ್ನು ಸರಿಮಾಡಿಕೊಳ್ಳಲು.

ಹಾಗಾದರೆ ಅಪ್ಪನಾದ ನೀನಾದರೂ ಯಾಕೆ ಹೇಳಲಿಲ್ಲ ಎಂದು ತಾವು ಕೇಳಬಹುದು, ಅದು ನ್ಯಾಯವೇ. ಊಟಕ್ಕೆ ಕೂತಾಗ ತಾವು ನನ್ನನ್ನೂ ವಿಚಾರಿಸಿದ್ದಿರಿ: ‘ಮಗಳನ್ನು ಮುಂದೆ ಏನು ಮಾಡಿಸಬೇಕೆಂದಿದ್ದೀರಿ?’ ನಾನು, ಇಪ್ಪತ್ತು ವರ್ಷ ಅರ್ಜಿ ಬರೆದವನು, ಹುಳಿ ಬಡಿಸುತ್ತ, ‘ಏನೋ ಸ್ವಾಮಿ, ದೇವ್ರು ನಡೆಸ್ದಂಗೆ’ ಎಂದುಬಿಟ್ಟೆ. ಎಲೆಯ ಮುಂದೆ ಬಗ್ಗಿ ನಿಂತು ನಿಜ ಹೇಳಿಬಿಟ್ಟಿದ್ದರೆ ಇವತ್ತು ಈ ಕಾಗದ ಇರುತ್ತಿರಲಿಲ್ಲ. ಆ ದಿನದಿಂದ ನನಗೆ ನನ್ನ ಮೇಲೇ ಬಹಳ ಸಿಟ್ಟಿದೆ. ಅದರಲ್ಲಿ ಸ್ವಲ್ಪ ತಮ್ಮ ಪಾಲಿಗೂ ಬಂದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಅವಳು ಏನಾಗಬೇಕೆಂದಿದ್ದಾಳೆ ಎಂದು ನಾನು ಇಲ್ಲಿಯೂ ಬರೆಯಲಾರೆ. ಪತ್ರಿಕೆಯಲ್ಲಿ ಅಚ್ಚಾದರೆ ಎಷ್ಟು ಜನರ ಕಣ್ಣು. ಆದರೆ ಕಂಡದ್ದನ್ನು ಹೇಳುವುದಕ್ಕೆ ಅಡ್ಡಿಯಿಲ್ಲ. ಅವಳು ಎಂಟು ವರ್ಷದವಳಿದ್ದಾಗ ಕಾಲು ಮುರಿದ ಕೋಳಿಮರಿಗೆ ಬಿದಿರಿನ ದಬ್ಬೆ ಕಟ್ಟಿ ನಡೆಸಿದಳು. ಹುಣಸೂರಿನ ಆಸ್ಪತ್ರೆಯ ಕಾಂಪೌಂಡರು ಅವಳು ಬರುತ್ತಿರುವುದನ್ನು ಕಂಡರೆ ಔಷಧಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಅಷ್ಟು ಪ್ರಶ್ನೆ ಕೇಳುತ್ತಾಳೆ. ನಮ್ಮ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಅವಳು ಮಣಿಕಟ್ಟು ಹಿಡಿದು ಎಣಿಸಬೇಕು, ಆಮೇಲೆ ಕಷಾಯ. ಓದುಗರಿಗೆ ಇಷ್ಟು ಸಾಕೆಂದುಕೊಂಡಿದ್ದೇನೆ. ತಿಳಿದವರು ತಿಳಿದುಕೊಂಡು, ದಯವಿಟ್ಟು ಬಾಯಿ ಬಿಡದಿರಲಿ.

ಅವಳಿಗೆ ಈ ಆಸೆ ಯಾಕೆ ಹುಟ್ಟಿತು ಎಂಬುದನ್ನೂ ಹೇಳಿಬಿಡುತ್ತೇನೆ, ಇದರಲ್ಲಿ ತಮಾಷೆಯೇನೂ ಇಲ್ಲ. ಪುಟ್ಟತಾಯಿಗೆ ಆರು ವರ್ಷವಿದ್ದಾಗ ಅವಳ ತಾಯಿಗೆ ಎರಡನೆಯ ಹೆರಿಗೆ ಕಷ್ಟವಾಗಿ, ಗಾಡಿ ಕಟ್ಟಿ ಆಸ್ಪತ್ರೆಗೆ ಕರೆತಂದೆವು. ಡಾಕ್ಟರು ಇದ್ದರು, ಒಳ್ಳೆಯವರು, ಕೈ ತೊಳೆದುಕೊಂಡು ಸಿದ್ಧರಾಗಿ ನಿಂತಿದ್ದರು. ನನ್ನ ಹೆಂಡತಿ ಸೆರಗು ಬಿಗಿಹಿಡಿದು ಗಂಡಸರಿಗೆ ಮೈ ತೋರಿಸುವುದಿಲ್ಲವೆಂದು ಹಠ ಹಿಡಿದಳು. ನನ್ನ ತಾಯಿ ರಾಚಮ್ಮನೂ ಬಾಗಿಲಿಗೆ ಅಡ್ಡ ನಿಂತು, ‘ಮುಟ್ಬ್ಯಾಡಿ ಸ್ವಾಮಿ, ನಮ್ಮಲ್ಲಿ ಅಂಗೆಲ್ಲ ಇಲ್ಲ’ ಎಂದಳು. ಮೈಸೂರಿನಿಂದ ಲೇಡಿ ಡಾಕ್ಟರನ್ನು ಕರೆಸಲು ಆಳು ಹೋದ. ಇಪ್ಪತ್ತೆಂಟು ಮೈಲಿ. ಅವರು ಬರುವ ಹೊತ್ತಿಗೆ ತಾಯಿ ಮಗು ಇಬ್ಬರೂ ಇರಲಿಲ್ಲ. ಆಮೇಲೆ ಮೊಮ್ಮಗಳು ಮಿಡ್ಲ್ ಸ್ಕೂಲಿಗೆ ಸೇರುವ ವರ್ಷ ನನ್ನ ತಾಯಿ, ಊರಿನ ಮನೆ ಗದ್ದೆ ಬಿಟ್ಟು ಹುಣಸೂರಿನಲ್ಲಿ ಒಂದು ಕೋಣೆ ಹಿಡಿಸಿ, ಆರು ವರ್ಷ ಅವಳಿಗೆ ಬೇಯಿಸಿ ಹಾಕಿಕೊಂಡು ಕೂತಳು. ಚಿಕ್ಕಮಾದುವಿನ ಬೆರಳಿಗೆ ಮೊಮ್ಮಗಳು ಪಟ್ಟಿ ಕಟ್ಟಿದ ದಿನ, ಬೇರೆ ಯಾವ ಕಾಲವಾಗಿದ್ದರೂ ಮುಟ್ಟಿದ್ದಕ್ಕೆ ಸ್ನಾನ ಮಾಡೆಂದು ರಂಪ ಮಾಡುತ್ತಿದ್ದ ಈ ಮುದುಕಿ, ತನ್ನ ಹಳೆಯ ಸೀರೆಯ ಅಂಚನ್ನು ತಾನೇ ಹರಿದು ಕೊಟ್ಟಳು. ತಾವು ಹೊಗಳಿದ ಬಟ್ಟೆ ಅದೇ.

ಇನ್ನು ನನ್ನ ಕೋರಿಕೆಗಳು. ಕಾಲೇಜಿಗೆ ಸೇರಿಸಿಕೊಳ್ಳುವುದು ಈ ತಿಂಗಳ ಹದಿನಾರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ತಾವು ನನ್ನ ಮಗಳ ಚೀಟಿಯಿಂದ ‘ಅನಾವಶ್ಯಕ’ ಎಂಬ ಪದದ ‘ನಾ’ ಎಂಬ ಒಂದೇ ಅಕ್ಷರವನ್ನು ಹೊಡೆದುಹಾಕಿ ಕೊಟ್ಟರೆ ಸಾಕು. ತಮಗೆ ಅರ್ಧ ತೊಟ್ಟು ಶಾಯಿ ಖರ್ಚು. ಅದು ಸರ್ಕಾರಿ ನಿಯಮಕ್ಕೆ ವಿರುದ್ಧವಾದರೆ, ತಾವು ಮತ್ತೊಮ್ಮೆ ದಯಮಾಡಿಸಿ ಸರಿಯಾದ ರೀತಿಯಲ್ಲಿ ವಿಚಾರಣೆ ಮಾಡಬೇಕು. ಸರಿಯಾದ ರೀತಿ ಎಂದರೆ, ಮೊದಲನೆಯ ದಿನ ನಮ್ಮ ಜಗಲಿಯ ಮೇಲೆ ಕೂತು ಮಳೆಯ ವಿಷಯ ಮಾತ್ರ ಆಡಬೇಕು. ಎರಡನೆಯ ದಿನ ಕಟ್ಟೆಯ ನೀರು, ಭತ್ತದ ಹುಳ, ತಮ್ಮ ಮನೆಯವರ ಆರೋಗ್ಯ. ಮೂರನೆಯ ದಿನ ಸಂಜೆ ದನ ಮನೆಗೆ ಬರುವ ಹೊತ್ತಿಗೆ, ಮಗುವಿನ ಕಡೆಗೆ ನೋಡದೆ, ಕರುವಿನ ಕಡೆಗೆ ನೋಡುತ್ತ, ‘ದೂರ ಹೋಗೋ ಯೋಚ್ನೆ ಏನಾರ ಇದೆಯಾ’ ಎಂದು ಕರುವನ್ನೇ ಕೇಳುವವರಂತೆ ಕೇಳಬೇಕು. ಆಗ ಮಗು ಸುಮ್ಮನಿದ್ದರೆ ಹೌದೆಂದು ಬರೆದುಕೊಳ್ಳಬಹುದು. ನಲವತ್ತಮೂರು ಮಕ್ಕಳಿಗೆ ತಲೆಗೆ ಮೂರು ದಿನದಂತೆ, ಭಾನುವಾರ ಹಬ್ಬ ಬಿಟ್ಟು, ತಮಗೆ ಸುಮಾರು ಐದು ತಿಂಗಳು ಹಿಡಿಯಬಹುದು. ಊಟದ ಏರ್ಪಾಡು ಕಮಿಟಿಯದು. ತಮಗೆ ಅಷ್ಟು ಬಿಡುವಿಲ್ಲದಿದ್ದರೆ ನನ್ನ ತಾಯಿ ರಾಚಮ್ಮನನ್ನು ಈ ತಾಲ್ಲೂಕಿಗೆ ಸಹಾಯಕ ಭಾವಿ ವೃತ್ತಿ ನಿರ್ಣಯಾಧಿಕಾರಿಯನ್ನಾಗಿ ನೇಮಿಸಬಹುದು. ಅವಳಿಗೆ ಓದು ಬರುವುದಿಲ್ಲ, ಆದರೆ ಯಾವ ಮಗುವಿನ ಹೊಟ್ಟೆಯಲ್ಲಿ ಏನಿದೆಯೆಂದು ಮುಖ ನೋಡಿ ಹೇಳುತ್ತಾಳೆ. ಗಡಿಯಾರ ಮಾತ್ರ ಬೇಡವಂತೆ. ಇದ್ಯಾವುದೂ ಆಗದಿದ್ದರೆ ಚಿಕ್ಕಮಾದುವಿಗೆ ಸರ್ಕಾರದ ಕಡೆಯಿಂದ ಒಂದು ಎಮ್ಮೆಯನ್ನಾದರೂ, ತಾವು ಕಳಿಸಿದ ಪುಸ್ತಕದ ಹನ್ನೆರಡನೆಯ ಪುಟದಲ್ಲಿರುವ ತಳಿಯದೇ ನೋಡಿ, ಬೇಗ ಕಳಿಸಿಕೊಡಬೇಕು. ಒಲವು ತಮ್ಮದು, ಎಮ್ಮೆಯೂ ತಮ್ಮದೇ ಆಗಲಿ.

ಕೊನೆಗೊಂದು ಸಣ್ಣ ವಿಷಯ. ಆ ಸೋಮವಾರ ಮಧ್ಯಾಹ್ನ ತಾವು ಪಿರಿಯಾಪಟ್ಟಣದ ಕಡೆಗೆ ಹೊರಡಲು ಮೋಟಾರು ನಿಲ್ಲುವ ಜಾಗಕ್ಕೆ ಬಂದಿರಿ. ಹೊರೆ ಸೊಪ್ಪು ಕೊಂಡು ಅಲ್ಲೇ ನಿಂತಿದ್ದ ನನ್ನ ತಾಯಿ, ದೊಡ್ಡವರನ್ನು ಮಾತಾಡಿಸದೆ ಹೋಗಬಾರದೆಂದು, ‘ದೂರ ಹೊಂಟ್ರಾ ಸ್ವಾಮೇರಾ’ ಎಂದಳು. ಆಗ ತಾವು, ಸೂಟು ಬೂಟಿನ ಮೇಲೆ ಇನ್ನೂ ನಮ್ಮ ಸೇವಂತಿಗೆ ಹಾರ ಹಾಕಿಕೊಂಡಿದ್ದ ತಾವು, ಕ್ಷಣವೂ ಯೋಚಿಸದೆ, ‘ಇಲ್ಲೇ ಕಣಮ್ಮ, ಹಿಂಗೇ’ ಎಂದಿರಿ. ನಾನು ಪಕ್ಕದಲ್ಲೇ ಇದ್ದೆ, ಕಿವಿಯಾರೆ ಕೇಳಿದೆ. ಪಿರಿಯಾಪಟ್ಟಣ ಮುಗಿಸಿ, ಹೆಗ್ಗಡದೇವನಕೋಟೆ ಮುಗಿಸಿ, ಅಲ್ಲಿಂದ ತಾವು ಬೆಂಗಳೂರಿಗೆ ದೊಡ್ಡ ಹುದ್ದೆಗೆ ಹೋಗುವವರಿದ್ದಿರೆಂದು ಆಮೇಲೆ ಪತ್ರಿಕೆಯಲ್ಲಿ ಓದಿ ತಿಳಿಯಿತು. ತಮ್ಮನ್ನೂ ಒಬ್ಬ ತಾಯಿ ಹೆತ್ತಿದ್ದಾರೆ, ನಮ್ಮ ತಾಯಂದಿರಂಥವರೇ, ಎಂದು ನನಗೆ ಅವತ್ತಿನಿಂದ ತಮ್ಮ ಮೇಲೆ ಒಳಗೊಳಗೇ ಪ್ರೀತಿ. ಆದರೆ ನನ್ನ ಮಗಳು ತಮ್ಮ ಫಾರಮಿನ ಹಾಗೆಯೇ ಒಂದು ಫಾರಂ ಗೀಟು ಹಾಕಿ, ತಮ್ಮ ನಿಯಮದಂತೆಯೇ ಅದನ್ನು ತುಂಬಿಟ್ಟಿದ್ದಾಳೆ: ‘ಉತ್ತರ: ಇಲ್ಲೇ, ಹಿಂಗೇ. ಅಲೆಮಾರಿ ಪ್ರವೃತ್ತಿ, ಎಚ್ಚರಿಕೆ ಅಗತ್ಯ. ಹುಣಸೂರು ಮೋಟಾರು ನಿಲ್ಲುವ ಜಾಗದ ಸುತ್ತಮುತ್ತ ವಿಶೇಷ ಒಲವು. ಬೆಂಗಳೂರು ಅನಾವಶ್ಯಕ.’ ತಮ್ಮ ಸಹಿಗಾಗಿ ಜಾಗ ಬಿಟ್ಟಿದ್ದಾಳೆ.

ತಮ್ಮ ಗಡಿಯಾರ ಸದಾ ಸರಿಯಾಗಿ ನಡೆಯಲಿ, ತಾವು ಹೊರಟಾಗ ಯಾರೂ ‘ಎಲ್ಲಿಗೆ’ ಎಂದು ಕೇಳದಿರಲಿ ಎಂದು ಹಾರೈಸುವ,

ತಮ್ಮ ವಿಶ್ವಾಸಿ,
ಪುಟ್ಟಮಲ್ಲಪ್ಪ
ಎಮ್ಮೆ ಇಲ್ಲದವರ, ಸೊಪ್ಪು ಬಿಡಿಸುವವರ ಮತ್ತು ಅಪ್ಪ ಹೇಳಿದಂತೆ ಕೇಳುವವರ ಪರವಾಗಿ

ತಾಜಾ ಕಲಂ: ಇಷ್ಟು ಬರೆದು ಮುಗಿಸಿ, ಹಿಂದಿನ ಮೂರು ಅರ್ಜಿಗಳಿಗಾದರೂ ತಮ್ಮ ಉತ್ತರ ಬಂದೀತೆಂದು ಇದನ್ನು ಅಂಚೆಗೆ ಹಾಕದೆ ಹತ್ತು ದಿನ ಕಾದೆ. ನಿನ್ನೆ ಹದಿನಾರನೇ ತಾರೀಖು. ಇನ್ನು ಕಾಯುವಂತಿಲ್ಲವೆಂದು ಬೆಳಗಿನ ಬಸ್ಸಿಗೆ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೊರಟೆ. ಬೀದಿಯ ಜನವೆಲ್ಲ ಬಾಗಿಲಿಗೆ ಬಂದು ನೋಡಿದರು, ಯಾರೂ ಏನೂ ಕೇಳಲಿಲ್ಲ. ಬಸ್ಸಿನ ಕಂಡಕ್ಟರು ಟಿಕೆಟ್ಟು ಹರಿಯಬೇಕಾದವರು. ಅವರೂ ‘ಎಷ್ಟು ದೂರ’ ಎಂದೇ ಕೇಳಿದರು. ಕಾಲೇಜಿನಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಮೇಜಿನಲ್ಲಿ ನಡುವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು. ಮಾತಿನಲ್ಲಿ ಪಿರಿಯಾಪಟ್ಟಣದ ಕಡೆಯವರೆಂದು ತಿಳಿಯಿತು. ತಮ್ಮ ಚೀಟಿಯನ್ನು ಅವರು ಎರಡು ಸಲ ಓದಿದರು. ಆಮೇಲೆ ಅದನ್ನು ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಒತ್ತಿಟ್ಟು, ನನ್ನ ಮಗಳನ್ನು ನೋಡದೆ ಕಿಟಕಿಯಾಚೆಗೆ ನೋಡುತ್ತ, ‘ದೂರ ಹೋಗ್ಬೇಕೂಂತ ಇದ್ದೀಯೇನಮ್ಮ’ ಎಂದರು. ಹದಿನಾರು ವರ್ಷದಲ್ಲಿ ಅಪ್ಪನಾದ ನನಗೂ ಹೇಳದವಳು, ‘ಹೂಂ ಕಣಮ್ಮ, ದೂರ’ ಎಂದಳು. ಅವರು ಹೆಸರು ಬರೆದುಕೊಂಡರು.

ಹೊರಗೆ ಬಂದಾಗ ಜಗಲಿಯ ಮೇಲೆ ಒಂದು ನೀರಿನ ಗಡಿಗೆ ಇತ್ತು. ಅಭ್ಯಾಸಬಲದಿಂದ ಚೊಂಬು ತೆಗೆದುಕೊಂಡು ‘ನೀರು ಕುಡೀತೀಯೇನವ್ವ’ ಎಂದೆ. ‘ಬ್ಯಾಡ ಕಣಪ್ಪ’ ಎಂದಳು. ಆದ್ದರಿಂದ ತಮ್ಮ ವರದಿಯ ಬಾಯಾರಿಕೆಯ ಪ್ಯಾರಾದಲ್ಲಿ ನಲವತ್ತಮೂರು ಎಂದಿರುವಲ್ಲಿ ನಲವತ್ತೆರಡು ಎಂದು ತಿದ್ದಿಕೊಳ್ಳಬೇಕು. ಅವಳಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಲು ಅಪ್ಪನೊಬ್ಬ ಇದ್ದ. ಉಳಿದವರು ಇನ್ನೂ ಗಡಿಗೆಯ ಹತ್ತಿರವೇ ಕೂತಿದ್ದಾರೆ, ಚಿಕ್ಕಮಾದು ಎಲ್ಲರಿಗಿಂತ ಮುಂದೆ.